ಸಮಾಜ ವಿಜ್ಞಾನದಲ್ಲಿ ಅನ್ವೇಷಣಾ ವಿಧಾನ: 38 ಮಕ್ಕಳು, 40 ನಿಮಿಷ, ಕೊಡಗಿನದೇ ಉದಾಹರಣೆ ಬೇಕು

ನಾಪೋಕ್ಲು ಟೀಚರ್

ಎಲ್ಲರಿಗೂ ನಮಸ್ಕಾರ. 9ನೇ ತರಗತಿ, ಕನ್ನಡ ಮಾಧ್ಯಮ, 38 ಮಕ್ಕಳು, 40 ನಿಮಿಷದ ಪೀರಿಯಡ್. ರಾಜ್ಯ ಸರ್ಕಾರ ಮತ್ತು ಚುನಾವಣೆಯ ಪಾಠಗಳನ್ನು ಈ ಸಲ ಅನ್ವೇಷಣಾ ವಿಧಾನದಲ್ಲಿ, ಅಂದರೆ ಮಕ್ಕಳೇ ಪುರಾವೆ ನೋಡಿ ಉತ್ತರ ಕಂಡುಕೊಳ್ಳುವಂತೆ, ಮಾಡಬೇಕೆಂದಿದ್ದೇನೆ. ಪಾಠಯೋಜನೆಯಲ್ಲಿ 5ಇ ಹಂತಗಳನ್ನು (ಎಂಗೇಜ್, ಎಕ್ಸ್‌ಪ್ಲೋರ್, ಎಕ್ಸ್‌ಪ್ಲೇನ್, ಎಲಾಬೊರೇಟ್, ಇವ್ಯಾಲ್ಯುಯೇಟ್) ಬರೆಯುವುದು ಕಷ್ಟವಲ್ಲ. ತರಗತಿಯಲ್ಲಿ ನಿಜವಾಗಿ ನಡೆಸುವುದು ಹೇಗೆ ಎಂಬುದು ಬೇಕು. ಪ್ರಶ್ನೆ ಎಂಥದ್ದಿರಬೇಕು, ಮಕ್ಕಳ ಕೈಗೆ ಏನು ಕೊಡಬೇಕು, ಎಷ್ಟು ಪೀರಿಯಡ್ ಹಿಡಿಯುತ್ತದೆ? ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಹಾಗಾಗಿ ಪೋರ್ಷನ್ ಹಿಂದೆ ಬೀಳುವಂತಿಲ್ಲ. ಕೊಡಗಿಗೆ ಸಂಬಂಧಪಟ್ಟ ಉದಾಹರಣೆಯನ್ನೇ ಕೊಟ್ಟರೆ ಉಪಕಾರ.

ಗೋಣಿಕೊಪ್ಪ ಮೇಷ್ಟ್ರು

ಮೇಡಂ, ಮೊದಲು ಪ್ರಶ್ನೆ ಸರಿಯಾಗಬೇಕು. ಅದು ಸೋತರೆ ಚಾರ್ಟ್ ಬರುತ್ತದೆ, ಗುಂಪು ಬರುತ್ತದೆ, ಫೋಟೋ ಬರುತ್ತದೆ, ಕಲಿಕೆ ಮಾತ್ರ ಬರುವುದಿಲ್ಲ.

ಪ್ರಶ್ನೆಯನ್ನು ಹೀಗೆ ಪರೀಕ್ಷಿಸಿ: ಪುರಾವೆ ನೋಡಿದ ಮೇಲೆ ಮಗುವಿನ ಉತ್ತರ ಬದಲಾಗಲು ಸಾಧ್ಯವಿದೆಯೇ? "ಕರ್ನಾಟಕ ವಿಧಾನಸಭೆಯಲ್ಲಿ ಎಷ್ಟು ಸ್ಥಾನ?" ಎಂದರೆ 224, ಮುಗಿಯಿತು. "ಪ್ರಜಾಪ್ರಭುತ್ವ ಒಳ್ಳೆಯದೇ?" ಎಂದರೆ ಟೀಚರ್ ಮುಖ ನೋಡಿ ಎಲ್ಲರೂ ಹೌದು ಎನ್ನುತ್ತಾರೆ. "ಕೊಡಗು ಪ್ರತ್ಯೇಕ ರಾಜ್ಯವಾಗಬೇಕೇ?" ಎಂದರೆ ಮನೆಯಲ್ಲಿ ಕೇಳಿದ್ದನ್ನು ತಂದು ಹೇಳುತ್ತಾರೆ, ಯಾವ ಕಾಗದ ತೋರಿಸಿದರೂ ಕದಲುವುದಿಲ್ಲ. ಈ ಮೂರೂ ಬೇರೆ ಬೇರೆ ಕಾರಣಕ್ಕೆ ಕೆಟ್ಟ ಪ್ರಶ್ನೆಗಳು.

ನಿಮ್ಮ ಪಾಠಕ್ಕೆ ನಾನು ಸೂಚಿಸುವುದು ಇದು: "ವಿಧಾನಸಭೆಯಲ್ಲಿ ಕೊಡಗು ಜಿಲ್ಲೆಗೆ ಎರಡೇ ಸ್ಥಾನ ಇರುವುದು ನ್ಯಾಯವೇ?" ಹಿಂದೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದು ಮೂರು ಕ್ಷೇತ್ರಗಳಿದ್ದವು. 2008ರ ಮರುವಿಂಗಡಣೆಯಲ್ಲಿ, ಅಂದರೆ ಜನಸಂಖ್ಯೆ ನೋಡಿ ಕ್ಷೇತ್ರಗಳ ಗಡಿ ಮತ್ತೆ ಎಳೆದಾಗ, ಸೋಮವಾರಪೇಟೆ ಹೋಯಿತು. ಅನ್ಯಾಯ ಎಂದು ಮಕ್ಕಳು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಲೆಕ್ಕ ಮಾಡಿದಾಗ ಆ ತೀರ್ಮಾನ ಅಲುಗಾಡುತ್ತದೆ. ನಕ್ಷೆ ನೋಡಿದಾಗ ಇನ್ನೊಂದು ಕಡೆಗೆ ವಾಲುತ್ತದೆ. ಅನ್ವೇಷಣೆಗೆ ಬೇಕಾದ್ದು ಈ ಅಲುಗಾಟವೇ.

ಹಾರಂಗಿ ದಂಡೆ

ಮೇಷ್ಟ್ರು ಕೊಟ್ಟ ಪ್ರಶ್ನೆಗೆ ಮೂಲಸಾಮಗ್ರಿ ಹೇಗಿರಬೇಕು ಎಂಬುದನ್ನು ನಾನು ಬರೆಯುತ್ತೇನೆ. "ಮನೆಗೆ ಹೋಗಿ ಹುಡುಕಿಕೊಂಡು ಬನ್ನಿ" ಎನ್ನಬೇಡಿ. ಮೊಬೈಲ್ ಇರುವ ಹತ್ತು ಮಕ್ಕಳು ಒಂದೇ ಪುಟದಿಂದ ಕಾಪಿ ಮಾಡಿಕೊಂಡು ಬರುತ್ತಾರೆ, ಉಳಿದವರು ಖಾಲಿ ಕೈಯಲ್ಲಿ ಬರುತ್ತಾರೆ. ಮೂಲಗಳನ್ನು ನೀವೇ ಆರಿಸಿ, ಕತ್ತರಿಸಿ, ಎ4 ಹಾಳೆಯ ಎರಡು ಬದಿಗೆ ಹೊಂದಿಸಿ. ಗುಂಪಿಗೆ ಎರಡು ಪ್ರತಿ ಸಾಕು. 38 ಮಕ್ಕಳಿಗೆ 5 ಜನರ ಆರು ಗುಂಪು, 4 ಜನರ ಎರಡು ಗುಂಪು ಎಂದರೆ 16 ಜೆರಾಕ್ಸ್.

ಮೂಲ 1, ಜನಗಣತಿ. ಮರುವಿಂಗಡಣೆಗೆ ಆಧಾರವಾಗಿದ್ದು 2001ರ ಜನಗಣತಿ, 2011ರದ್ದಲ್ಲ. 2001ರಲ್ಲಿ ಕರ್ನಾಟಕ 5,28,50,562, ಕೊಡಗು 5,48,561. ಭಾಗಿಸುವ ಕೆಲಸ ಮಕ್ಕಳಿಗೇ ಬಿಡಿ. ರಾಜ್ಯದ ಸರಾಸರಿ ಒಂದು ಕ್ಷೇತ್ರಕ್ಕೆ 2,35,940 ಜನ. ಕೊಡಗಿನ ಜನಸಂಖ್ಯೆಯನ್ನು ಅದರಿಂದ ಭಾಗಿಸಿದರೆ 2.32. ಎರಡು ಸ್ಥಾನವಾದರೆ ಕ್ಷೇತ್ರಕ್ಕೆ ಸುಮಾರು 2,74,280 ಜನ, ಅಂದರೆ ಸರಾಸರಿಗಿಂತ 16% ಹೆಚ್ಚು. ಮೂರಾದರೆ 1,82,854, ಸರಾಸರಿಗಿಂತ 22% ಕಮ್ಮಿ. ಎರಡೂ ಸರಿಯಾಗಿ ಕೂರುವುದಿಲ್ಲ, ಆದರೆ ಎರಡು ಹತ್ತಿರ. ಇಲ್ಲಿಗೆ ತರಗತಿ ಸ್ವಲ್ಪ ಹೊತ್ತು ಮೌನವಾಗುತ್ತದೆ, ಆಗ ನೀವು ಬಾಯಿ ಹಾಕಬೇಡಿ.

ಮೂಲ 2, ಸಂವಿಧಾನದ 170(2)ನೇ ವಿಧಿ, ಸರಳ ಕನ್ನಡದಲ್ಲಿ ಎರಡು ವಾಕ್ಯ: ಪ್ರತಿ ಕ್ಷೇತ್ರದ ಜನಸಂಖ್ಯೆಗೂ ಅದಕ್ಕೆ ಹಂಚಿದ ಸ್ಥಾನಕ್ಕೂ ಇರುವ ಅನುಪಾತ ಸಾಧ್ಯವಾದ ಮಟ್ಟಿಗೆ ರಾಜ್ಯದಾದ್ಯಂತ ಒಂದೇ ಇರಬೇಕು. "ಸಾಧ್ಯವಾದ ಮಟ್ಟಿಗೆ" ಎಂಬ ಮಾತನ್ನು ಬಿಡಬೇಡಿ, ವಾದವೆಲ್ಲ ನಿಂತಿರುವುದು ಅದರ ಮೇಲೆ.

ಮೂಲ 3, 2002ರ ಮರುವಿಂಗಡಣಾ ಕಾಯ್ದೆಯ 9ನೇ ಪ್ರಕರಣ. ಗಡಿ ಎಳೆಯುವಾಗ ಭೂಲಕ್ಷಣ, ಈಗಿರುವ ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ, ಸಾರ್ವಜನಿಕರ ಅನುಕೂಲ ನೋಡಬೇಕು ಎಂದಿದೆ.

ಮೂಲ 4, ವಿಸ್ತೀರ್ಣ. ಕರ್ನಾಟಕ 1,91,791 ಚದರ ಕಿ.ಮೀ., ಅಂದರೆ ಕ್ಷೇತ್ರಕ್ಕೆ ಸರಾಸರಿ 856. ಕೊಡಗು 4,102, ಅಂದರೆ ಕ್ಷೇತ್ರಕ್ಕೆ 2,051. ಜೊತೆಗೆ ಜಿಲ್ಲೆಯ ಭೂಪಟ. ಜಿಲ್ಲೆಯ ಒಂದು ತುದಿಯ ಕರಿಕೆಯಿಂದ ಇನ್ನೊಂದು ತುದಿಯ ಶನಿವಾರಸಂತೆಗೆ ದಾರಿ ಬೆರಳಿಟ್ಟು ತೋರಿಸಲಿ.

ಮೂಲ 5 ಒಂದು ಹಳೆಯ ಅಂಕಿ. ಕೊಡಗು 'ಸಿ' ವರ್ಗದ ಪ್ರತ್ಯೇಕ ರಾಜ್ಯವಾಗಿದ್ದಾಗ 1952ರ ಚುನಾವಣೆಯಲ್ಲಿ ಇಲ್ಲಿನ ವಿಧಾನಸಭೆಗೆ 24 ಸ್ಥಾನ. ಜನಸಂಖ್ಯೆ ಆಗ ಸುಮಾರು 2.29 ಲಕ್ಷ. ಅಂದರೆ ಒಬ್ಬ ಸದಸ್ಯನಿಗೆ ಹತ್ತು ಸಾವಿರಕ್ಕೂ ಕಮ್ಮಿ ಜನ. ಇದನ್ನು ಮೊದಲೇ ಕೊಡಬೇಡಿ, ಮೂರನೇ ಪೀರಿಯಡ್‌ಗೆ ಇಟ್ಟುಕೊಳ್ಳಿ. ಮೊದಲೇ ಕೊಟ್ಟರೆ "24 ಇದ್ದದ್ದು 2 ಆಯಿತು" ಎಂಬ ಘೋಷಣೆಯಲ್ಲೇ ಚರ್ಚೆ ಮುಗಿದುಹೋಗುತ್ತದೆ. ಸ್ವಂತ ವಿಧಾನಸಭೆಯ 24 ಸ್ಥಾನಕ್ಕೂ ದೊಡ್ಡ ವಿಧಾನಸಭೆಯ 2 ಸ್ಥಾನಕ್ಕೂ ನೇರ ಹೋಲಿಕೆ ಇಲ್ಲ ಎಂದು ಅವರಿಗೇ ಹೊಳೆಯಬೇಕು.

ಇಲ್ಲಿ ಖಂಡಿತ ಎಡವುವ ಜಾಗ ಒಂದಿದೆ. ಮಕ್ಕಳು ಜನಸಂಖ್ಯೆಯನ್ನೂ ಮತದಾರರ ಸಂಖ್ಯೆಯನ್ನೂ ಕಲಸಿಬಿಡುತ್ತಾರೆ. ಸ್ಥಾನ ಹಂಚಿಕೆ ನಡೆಯುವುದು ಜನಸಂಖ್ಯೆಯ ಮೇಲೆ, ಮಕ್ಕಳೂ ಅದರಲ್ಲಿ ಸೇರುತ್ತಾರೆ. ಹಾಳೆಯ ಮೇಲ್ಗಡೆಯೇ ದಪ್ಪ ಅಕ್ಷರದಲ್ಲಿ ಹಾಕಿ.

ಶನಿವಾರಸಂತೆ ಸರ್

ಉದಾಹರಣೆ ಚೆನ್ನಾಗಿದೆ, ಆದರೆ ಒಂದು ಆಕ್ಷೇಪವಿದೆ. ಮರುವಿಂಗಡಣೆ ಎಂದರೇನು, ಅದನ್ನು ಮಾಡುವವರು ಯಾರು ಎಂದೇ ಗೊತ್ತಿಲ್ಲದ ಮಗುವಿನ ಕೈಗೆ ಐದು ಮೂಲ ಕೊಟ್ಟರೆ ಅದು ಓದುವುದಿಲ್ಲ, ತಡಕಾಡುತ್ತದೆ. ಮಾರ್ಗದರ್ಶನ ಕಡಿಮೆ ಇರುವ ಬೋಧನೆ ಹೊಸಬರಿಗೆ ಕೆಲಸ ಮಾಡುವುದಿಲ್ಲ ಎಂದು ಕಿರ್ಶ್ನರ್, ಸ್ವೆಲರ್, ಕ್ಲಾರ್ಕ್ 2006ರಲ್ಲೇ ವಾದಿಸಿದ್ದಾರೆ. ಒಟ್ಟಿಗೆ ತುಂಬಾ ಹೊಸ ವಿಷಯ ಬಂದರೆ ಮನಸ್ಸು ಅದನ್ನು ಹಿಡಿದಿಟ್ಟುಕೊಂಡು ಯೋಚಿಸಲಾರದು ಎಂಬುದು ಅವರ ತಿರುಳು. ಕನ್ನಡ ಓದುವುದೇ ನಿಧಾನವಿರುವ ಮಕ್ಕಳಿರುವ ನಮ್ಮ ತರಗತಿಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಗೋಣಿಕೊಪ್ಪ ಮೇಷ್ಟ್ರು

ಸರ್, ಆಕ್ಷೇಪ ಸರಿಯಾದದ್ದೇ. ಅದಕ್ಕೆ ಮರುವರ್ಷ ಮೆಲೋ-ಸಿಲ್ವರ್ ಮತ್ತು ಸಂಗಡಿಗರು ಕೊಟ್ಟ ಉತ್ತರವೂ ಇದೆ: ಚೆನ್ನಾಗಿ ನಡೆಸುವ ಅನ್ವೇಷಣೆಯಲ್ಲಿ ಮಾರ್ಗದರ್ಶನ ಕಡಿಮೆ ಇರುವುದಿಲ್ಲ, ಅಲ್ಲಿ ಊರುಗೋಲುಗಳು ಧಾರಾಳ. ಹಾಗಾಗಿ ನೇರ ಬೋಧನೆಯನ್ನು ಕೈಬಿಡುವ ಪ್ರಶ್ನೆಯೇ ಇಲ್ಲ, ಅದನ್ನು ಎಲ್ಲಿ ಇಡಬೇಕು ಎಂಬುದಷ್ಟೇ. ನಾಲ್ಕು ಪೀರಿಯಡ್‌ನ ಅಂದಾಜು ಕೊಡುತ್ತೇನೆ.

ಮೊದಲ ಪೀರಿಯಡ್. 15 ನಿಮಿಷ ಬೋರ್ಡ್ ಮೇಲೆ ನೇರ ಪಾಠ: ಕ್ಷೇತ್ರ, ಶಾಸಕ, ಜನಗಣತಿ, ಮರುವಿಂಗಡಣಾ ಆಯೋಗ. ಈ ನಾಲ್ಕು ಪದ ಸಾಕು, ಐದನೆಯದು ಬೇಡ. ಆಮೇಲೆ 2008ಕ್ಕೆ ಮುಂಚಿನ ಮತ್ತು ನಂತರದ ಕ್ಷೇತ್ರಗಳ ಪಟ್ಟಿ ಬೋರ್ಡಿನಲ್ಲಿ ಬರೆದು, 10 ನಿಮಿಷ ಮಕ್ಕಳಿಂದ ಪ್ರಶ್ನೆ ಬರೆಸಿ. ರೈಟ್ ಕ್ವೆಶ್ಚನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ನಾಲ್ಕು ನಿಯಮ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ: ಎಷ್ಟು ಸಾಧ್ಯವೋ ಅಷ್ಟು ಪ್ರಶ್ನೆ ಕೇಳಿ; ನಡುವೆ ನಿಂತು ಉತ್ತರಿಸಬೇಡಿ, ಚರ್ಚಿಸಬೇಡಿ, ಒಳ್ಳೆಯದು ಕೆಟ್ಟದ್ದು ಎನ್ನಬೇಡಿ; ಕೇಳಿದ ಹಾಗೇ ಬರೆದುಕೊಳ್ಳಿ; ಹೇಳಿಕೆ ಬಂದರೆ ಅದನ್ನು ಪ್ರಶ್ನೆಯಾಗಿ ತಿರುಗಿಸಿ. ಎರಡನೆಯ ನಿಯಮವನ್ನು ಮುರಿಯುವವರು ಸಾಮಾನ್ಯವಾಗಿ ಟೀಚರ್‌ಗಳೇ. "ಭೇಷ್, ಒಳ್ಳೆ ಪ್ರಶ್ನೆ" ಎಂದು ಒಬ್ಬ ಹುಡುಗನಿಗೆ ಹೇಳಿದ ಕ್ಷಣ ಉಳಿದವರು ಪೆನ್ನು ಕೆಳಗಿಡುತ್ತಾರೆ. ಉಳಿದ 15 ನಿಮಿಷದಲ್ಲಿ ಒಂದೇ ಮಾತಿನಲ್ಲಿ ಉತ್ತರ ಸಿಗುವ ಪ್ರಶ್ನೆ, ಹುಡುಕಿ ನೋಡಬೇಕಾದ ಪ್ರಶ್ನೆ ಎಂದು ಬೇರ್ಪಡಿಸಿ, ಮುಖ್ಯ ಪ್ರಶ್ನೆಗೆ ಹತ್ತಿರದವನ್ನು ಬೋರ್ಡಿನ ಮೂಲೆಯಲ್ಲಿ ಉಳಿಸಿ. ಅಳಿಸಬೇಡಿ, ನಾಲ್ಕೂ ಪೀರಿಯಡ್ ಅಲ್ಲೇ ಇರಲಿ.

ಎರಡನೆಯದು. ಮೂಲ 1 ಮತ್ತು 2 ಮಾತ್ರ. ಮೊದಲ ಭಾಗಾಕಾರವನ್ನು ನೀವು ಬೋರ್ಡಿನಲ್ಲಿ ಮಾಡಿ ತೋರಿಸಿ, ಎರಡನೆಯದನ್ನು ಅವರು ಮಾಡಲಿ. ಕೊನೆಯ 5 ನಿಮಿಷ ಪ್ರತಿಯೊಬ್ಬರೂ ಚೀಟಿಯಲ್ಲಿ "ಈಗ ನನ್ನ ಉತ್ತರ... ಏಕೆಂದರೆ..." ಎಂದು ಬರೆದು ಕೊಡಬೇಕು. ಹೆಸರು ಕಡ್ಡಾಯ.

ಮೂರನೆಯದು. ಮೂಲ 3, 4, 5. ಈಗ ಗುಂಪಿನವರು ತಮ್ಮ ನಿನ್ನೆಯ ಉತ್ತರವನ್ನು ಕೆಡಿಸುವ ಪುರಾವೆಯನ್ನೇ ಹುಡುಕಬೇಕು. "ನಿಮ್ಮ ಉತ್ತರಕ್ಕೆ ಬೆಂಬಲ ಹುಡುಕಿ" ಎಂದರೆ ಯಾರೂ ಕಷ್ಟಪಡುವುದಿಲ್ಲ.

ನಾಲ್ಕನೆಯದು. 15 ನಿಮಿಷ ಮಾತು, 20 ನಿಮಿಷ ಬರವಣಿಗೆ, 5 ನಿಮಿಷ ನಿಮ್ಮ ತಿದ್ದುಪಡಿ. ಮಾತಿನ ಹೊತ್ತಿಗೆ ಈ ಲೆಕ್ಕ ಎತ್ತಿಕೊಡಿ: ಮೂರು ಸ್ಥಾನವಾದರೆ ಕೊಡಗಿನ ಒಬ್ಬರಿಗೆ ಸಿಗುವ ಪ್ರಾತಿನಿಧ್ಯದ ತೂಕ ರಾಜ್ಯದ ಸರಾಸರಿಯ 1.29 ಪಟ್ಟು, ಎರಡಾದರೆ 0.86 ಪಟ್ಟು. ಒಟ್ಟು ಸ್ಥಾನ 224ರಲ್ಲೇ ನಿಂತಿರುವಾಗ ಇಲ್ಲಿಗೆ ಒಂದು ಬಂದರೆ ಇನ್ನೆಲ್ಲೋ ಒಂದು ಹೋಗಬೇಕು. "ಅದು ಯಾರದ್ದು?" ಎಂದು ಕೇಳಿ. ನ್ಯಾಯ ಎಂಬ ಮಾತಿಗೆ ಇನ್ನೊಂದು ಬದಿ ಇದೆ ಎಂದು 9ನೇ ತರಗತಿಯ ಮಗುವಿಗೆ ಗಟ್ಟಿಯಾಗಿ ತಿಳಿಯುವುದು ಆ ಪ್ರಶ್ನೆಯಲ್ಲೇ.

ಪೋರ್ಷನ್ ಬಗ್ಗೆ: ಈ ನಾಲ್ಕು ಪೀರಿಯಡ್‌ನಲ್ಲಿ ರಾಜ್ಯ ಶಾಸಕಾಂಗದ ರಚನೆ, ಚುನಾವಣೆ ಎರಡೂ ಪಾಠದ ಮುಖ್ಯಾಂಶ ಬಂದುಬಿಡುತ್ತದೆ. ಎಲ್ಲ ಪಾಠವನ್ನೂ ಹೀಗೆ ಮಾಡಲು ಹೋಗಬೇಡಿ. ಸೆಮಿಸ್ಟರ್‌ಗೆ ಎರಡು ದೊಡ್ಡವು, ನಡುವೆ ಒಂದೇ ಪೀರಿಯಡ್‌ನ ಚಿಕ್ಕವು ನಾಲ್ಕೈದು, ಅಷ್ಟು ಸಾಕು.

ನಾಪೋಕ್ಲು ಟೀಚರ್

ಧನ್ಯವಾದ ಮೇಷ್ಟ್ರೇ, ಹಾರಂಗಿಯವರಿಗೂ. ಇನ್ನೊಂದು ಸಂದೇಹ: ಗುಂಪಿನಲ್ಲಿ ಯಾವಾಗಲೂ ಅದೇ ಐದಾರು ಮಕ್ಕಳು ಮಾತಾಡುತ್ತಾರೆ. ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ), ಹಾಡಿಯಿಂದ (ಬುಡಕಟ್ಟಿನವರ ವಸತಿ) ಬರುವ ಮಕ್ಕಳು ಬಾಯಿ ಬಿಡುವುದಿಲ್ಲ. ಅವರನ್ನು ಒಳಗೆ ತರುವುದು ಹೇಗೆ?

ಸಿದ್ದಾಪುರ ಟೀಚರ್

ಮೇಡಂ, ಅರ್ಧ ಸಮಸ್ಯೆ ಭಾಷೆಯದು. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ ಕೂತಿರುತ್ತವೆ. ಗುಂಪಿನೊಳಗಿನ ಮಾತು ಯಾವ ಭಾಷೆಯಲ್ಲಾದರೂ ಆಗಲಿ, ಹಾಳೆಯ ಮೇಲೆ ಬರುವುದು ಕನ್ನಡದಲ್ಲಿ ಬರಲಿ. ಒಂದೇ ಮನೆಮಾತಿನ ಇಬ್ಬರನ್ನು ಒಂದೇ ಗುಂಪಿಗೆ ಹಾಕಿ. ಒಬ್ಬರನ್ನೇ ಹಾಕಿದರೆ ಆ ಮಗು ಮೂಕವಾಗುತ್ತದೆ. ನಾಲ್ವರನ್ನೂ ಒಟ್ಟಿಗೆ ಹಾಕಿದರೆ ಅದು ಹಾಡಿ ಮಕ್ಕಳ ಗುಂಪು ಎಂದಾಗುತ್ತದೆ, ಅದು ಇನ್ನೂ ಕೆಟ್ಟದ್ದು.

ಉಳಿದರ್ಧ ಕೆಲಸದ ಹಂಚಿಕೆಯದು. ಗುಂಪಿಗೆ "ಚರ್ಚಿಸಿ" ಎಂದರೆ ಗಟ್ಟಿ ದನಿಯವರು ಗೆಲ್ಲುತ್ತಾರೆ. ಕೆಲಸ ಹೀಗೆ ಒಡೆಯಿರಿ: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಒಬ್ಬರು ಲೆಕ್ಕ, ಒಬ್ಬರು ಭೂಪಟದಲ್ಲಿ ಬೆರಳಿಡುವುದು, ಒಬ್ಬರು ಬರೆಯುವುದು, ಐದನೆಯವರು "ಇದು ಯಾವ ಮೂಲದಿಂದ ಬಂತು?" ಎಂದು ಪ್ರತಿ ಸಲ ಕೇಳುವುದು. ಪ್ರತಿ ಪೀರಿಯಡ್‌ಗೆ ಕೆಲಸ ಬದಲಿ. ನಾಲ್ವರ ಗುಂಪಿನಲ್ಲಿ ಲೆಕ್ಕ, ಭೂಪಟ ಒಬ್ಬರಿಗೇ. ಐದನೆಯ ಕೆಲಸಕ್ಕೆ ಓದುವ ವೇಗ ಬೇಕಾಗಿಲ್ಲ, ಧೈರ್ಯವೂ ಹೆಚ್ಚು ಬೇಕಾಗಿಲ್ಲ. ಕೇಳಬೇಕಾದ ಮಾತು ಚೀಟಿಯಲ್ಲೇ ಇರುತ್ತದೆ. ಮೌನವಾಗಿರುವ ಮಕ್ಕಳಿಗೆ ಮೊದಲು ಅದನ್ನೇ ಕೊಡಿ, ಗುಂಪಿನಲ್ಲಿ ಅವರ ಬೆಲೆ ತಾನಾಗಿ ಏರುತ್ತದೆ.

ವರದಿ ಒಪ್ಪಿಸುವವರು ಯಾರೆಂದು ಮೊದಲೇ ಹೇಳಬೇಡಿ. ಕೊನೆಗೆ ಚೀಟಿ ಎತ್ತಿ. ಯಾರ ಹೆಸರಾದರೂ ಬರಬಹುದು ಎಂದು ಗೊತ್ತಿದ್ದರೆ ಚುರುಕಿನ ಮಕ್ಕಳೇ ಉಳಿದವರಿಗೆ ವಿವರಿಸಿ ತಯಾರು ಮಾಡುತ್ತಾರೆ.

ಮಡಿಕೇರಿ ಕೋಟೆ

ಇತಿಹಾಸಕ್ಕೂ ಒಂದು ಉದಾಹರಣೆ ಸೇರಿಸುತ್ತೇನೆ, ಮೂಲವನ್ನು ಪ್ರಶ್ನಿಸುವುದನ್ನು ಕಲಿಸಲು ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. 1834ರ ಏಪ್ರಿಲ್‌ನಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರ ಬ್ರಿಟಿಷರಿಗೆ ಶರಣಾದ. ಮೇ ತಿಂಗಳಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ, ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಂತೆ ಈ ನಾಡು ಬ್ರಿಟಿಷ್ ಆಡಳಿತಕ್ಕೆ ಸೇರಿತು ಎಂಬ ಅರ್ಥದ್ದು. ಮೂರೇ ವರ್ಷಕ್ಕೆ, 1837ರಲ್ಲಿ, ಬ್ರಿಟಿಷರ ವಿರುದ್ಧ ಅಮರ ಸುಳ್ಯದ ದಂಗೆ. ಅದರ ಮುಖಂಡರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಪ್ರಶ್ನೆ: "1834ರಲ್ಲಿ ಒಮ್ಮತ ಇತ್ತೇ?"

ಮಕ್ಕಳು ಕೂಡಲೇ "ಇರಲಿಲ್ಲ, ಬ್ರಿಟಿಷರು ಸುಳ್ಳು ಹೇಳಿದರು" ಎನ್ನುತ್ತಾರೆ. ಆಗ ಮೂರನೆಯ ಮೂಲ ಇಡಿ: ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಪದಕ. ಅದರ ಮೇಲೆ ನಿಷ್ಠೆಗಾಗಿ ಎಂಬ ಒಕ್ಕಣೆ, 1837ರ ಏಪ್ರಿಲ್ ಎಂಬ ಕಾಲ ಇದೆ. ಹಾಗಾದರೆ ಕೆಲವರು ಜೊತೆಗಿದ್ದರು, ಕೆಲವರು ಎದುರಿದ್ದರು. ಒಮ್ಮತ ಎಂಬುದು ನಿಲ್ಲುವುದಿಲ್ಲ, ಎಲ್ಲರೂ ವಿರೋಧಿಸಿದರು ಎಂಬುದೂ ನಿಲ್ಲುವುದಿಲ್ಲ.

ಪ್ರತಿ ಮೂಲಕ್ಕೂ ನಾಲ್ಕು ಮಾತು ಕೇಳಿಸಿ. ಬರೆದವರು ಯಾರು, ಯಾರಿಗಾಗಿ? ಆಗ ಸುತ್ತಮುತ್ತ ಏನು ನಡೆಯುತ್ತಿತ್ತು? ಇನ್ನೊಂದು ಮೂಲ ಇದನ್ನು ಒಪ್ಪುತ್ತದೆಯೇ? ಯಾವ ಪದ ಬೇಕೆಂದೇ ಬಳಸಿದ್ದಾರೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸ ಶಿಕ್ಷಣ ಗುಂಪು ಬೆಳೆಸಿದ ಕ್ರಮ ಇದು. ಒಂದು ಪೀರಿಯಡ್‌ಗೆ ಒಂದೇ ಮೂಲ, ನಾಲ್ಕೂ ಪ್ರಶ್ನೆ ಎಂಬಂತೆ ಶುರು ಮಾಡಿ.

ಎಚ್ಚರ ವಹಿಸಬೇಕಾದ್ದು: ದಂಗೆಯ ಪಾಠ ಕ್ಷಣಮಾತ್ರದಲ್ಲಿ ನಿಮ್ಮವರು, ನಮ್ಮವರು ಎಂಬ ಜಾತಿ ಜಗಳಕ್ಕೆ ಜಾರುತ್ತದೆ. ಆದ್ದರಿಂದ ವಾಕ್ಯದ ಕರ್ತೃ ಯಾವಾಗಲೂ ವ್ಯಕ್ತಿ ಅಥವಾ ಹುದ್ದೆ ಆಗಿರಬೇಕು: ಇಂಥ ದಿವಾನರು ಹೀಗೆ ಮಾಡಿದರು, ಇಂಥ ಮುಖಂಡರು ಹೀಗೆ ಮಾಡಿದರು. ಸಮುದಾಯದ ಹೆಸರು ಕರ್ತೃವಾಗಿ ಬಂದ ವಾಕ್ಯವನ್ನು ಬೋರ್ಡಿನಲ್ಲಿ ತಿದ್ದಿಸಿ. ಶಿಸ್ತು ಎಂದಷ್ಟೇ ಅಲ್ಲ, ಇತಿಹಾಸ ಬರೆಯುವ ನಿಯಮವೂ ಅದೇ.

ಶನಿವಾರಸಂತೆ ಸರ್

ಕೋಟೆಯವರ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಜೊತೆಗೆ ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ), ಅರಣ್ಯ ಹಕ್ಕು, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ, ಇಂಥವನ್ನು ತರಗತಿಗೆ ತರಬಹುದೇ?

ಸಿದ್ದಾಪುರ ಟೀಚರ್

ತರಬಹುದು ಸರ್, ತರಲೇಬೇಕು. ಆದರೆ ವರ್ಷದ ಮೊದಲ ಅನ್ವೇಷಣೆಯಾಗಿ ಬೇಡ. ತೋಟದ ಮಾಲೀಕರ ಮಕ್ಕಳೂ ಅದೇ ತೋಟದ ಲೈನ್ ಮನೆಯ ಮಕ್ಕಳೂ ಒಂದೇ ಕೋಣೆಯಲ್ಲಿ ಕೂತಿರುವ ಊರುಗಳಿವೆ ನಮ್ಮಲ್ಲಿ. 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಕುಟುಂಬಗಳ ಮಕ್ಕಳಿರುವ ತರಗತಿಯಲ್ಲಿ ಒಕ್ಕಲೆಬ್ಬಿಸುವುದು ಸರಿಯೇ ಎಂದು ಚರ್ಚಾಸ್ಪರ್ಧೆ ಇಡಬಾರದು. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ಪಠ್ಯದಿಂದ ಶುರು ಮಾಡಿ. 2006ರ ಕಾಯ್ದೆ ಏನು ಹೇಳುತ್ತದೆ? 2005ರ ಡಿಸೆಂಬರ್ 13ರ ಗಡುವು ಯಾಕೆ? ಅರ್ಜಿಯನ್ನು ಮೊದಲು ನೋಡುವುದು ಗ್ರಾಮಸಭೆಯೇ ಯಾಕೆ, ಅರಣ್ಯ ಇಲಾಖೆ ಯಾಕಲ್ಲ? ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ವಾಸ ತೋರಿಸಬೇಕು ಎಂದಿರುವಾಗ ಯಾವ ದಾಖಲೆ ಸಿಗಬಹುದು? ಇವೆಲ್ಲ ಪುರಾವೆಯಿಂದ ಉತ್ತರಿಸುವ ಪ್ರಶ್ನೆಗಳು, ಯಾರ ಮನೆಯನ್ನೂ ಕಟಕಟೆಗೆ ತರುವುದಿಲ್ಲ.

ಪಾತ್ರಾಭಿನಯ ಮಾಡಿಸುವುದಾದರೆ ಯಾವ ಮಗುವಿಗೂ ಅದರ ಸ್ವಂತ ಸ್ಥಾನದ ಪಾತ್ರ ಕೊಡಬೇಡಿ, ಅದರ ಎದುರಾಳಿಯ ಪಾತ್ರವನ್ನೂ ಕೊಡಬೇಡಿ. ಪಿಡಿಒ, ಸರ್ವೇಯರ್, ಪತ್ರಕರ್ತ, ನ್ಯಾಯಾಧೀಶರು ಎಂಥವು ಸುರಕ್ಷಿತ. ಸೂಕ್ಷ್ಮ ವಿಷಯದಲ್ಲಿ ಪ್ರಶ್ನೆ ಬರೆಸುವಾಗ ಮಾತ್ರ ಹೆಸರಿಲ್ಲದ ಚೀಟಿ ಇರಲಿ.

ಸೂರ್ಲಬ್ಬಿ ಮಳೆ

ಭೂಗೋಳಕ್ಕೆ ಎಲ್ಲರ ಮನೆ ಹತ್ತಿರ ಸಿಗುವ ಮೂಲವೊಂದನ್ನು ಯಾರೂ ಹೇಳಲಿಲ್ಲ. ಕಾಫಿ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇಡುತ್ತಾರಲ್ಲ, ಅದು. ಕೆಲವು ತೋಟಗಳಲ್ಲಿ ದಶಕಗಳಷ್ಟು ಹಿಂದಿನದೂ ಸಿಗುತ್ತದೆ. "ನಮ್ಮೂರಲ್ಲಿ ಮಳೆ ಕಮ್ಮಿಯಾಗಿದೆಯೇ, ಅಥವಾ ಬೀಳುವ ರೀತಿ ಬದಲಾಗಿದೆಯೇ?" ಎಂಬ ಪ್ರಶ್ನೆಗೆ ಅದಕ್ಕಿಂತ ಬೇರೆ ಬೇಡ.

ಪುಸ್ತಕ ಓದುವುದನ್ನು ಮೊದಲು ಕಲಿಸಬೇಕು. ಅಳತೆ ಇಂಚು ಮತ್ತು ಸೆಂಟ್‌ನಲ್ಲಿರುತ್ತದೆ, ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿ.ಮೀ. 3.40 ಎಂದು ಬರೆದಿದ್ದರೆ ಸುಮಾರು 86 ಮಿ.ಮೀ. ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎನ್ನುತ್ತದೆ, ಪುಸ್ತಕದಲ್ಲಿ ಅದು 10 ಸೆಂಟ್. ಈ ಗೆರೆ ಹಾಕಿಕೊಂಡು ಪ್ರತಿ ವರ್ಷದ ಮಳೆದಿನ ಎಣಿಸಿದರೆ ಒಟ್ಟು ಮಳೆ ಅಷ್ಟೇ ಇದ್ದರೂ ದಿನ ಕಮ್ಮಿಯಾಗಿದೆಯೇ ಎಂಬುದು ಕಾಣುತ್ತದೆ.

ಎಡವುವ ಕಡೆಗಳು: ಬೆಳಗ್ಗೆ ಅಳೆದದ್ದು ಹಿಂದಿನ 24 ಗಂಟೆಯ ಮಳೆ, ಆದರೆ ಯಾವ ದಿನದ ಎದುರು ಬರೆಯುತ್ತಾರೆ ಎಂಬುದು ತೋಟದಿಂದ ತೋಟಕ್ಕೆ ಬೇರೆ. ಖಾಲಿ ಬಿಟ್ಟ ಜಾಗ ಮಳೆ ಇಲ್ಲ ಎಂದೋ, ಅಳೆದಿಲ್ಲ ಎಂದೋ ತಿಳಿಯುವುದಿಲ್ಲ. ಲೆಕ್ಕ ಬರೆಯುವ ರೈಟರ್ ಬದಲಾದಾಗ ಕೈಬರಹದ ಜೊತೆ ಅಭ್ಯಾಸವೂ ಬದಲಾಗುತ್ತದೆ. ಎರಡು ತೋಟದ ಪುಸ್ತಕ ಅಕ್ಕಪಕ್ಕ ಇಡಿಸಿ, ವ್ಯತ್ಯಾಸ ಬಂದ ತಿಂಗಳನ್ನು ಮಕ್ಕಳೇ ಹಿಡಿಯಲಿ. ಪುಸ್ತಕವನ್ನು ಶಾಲೆಗೆ ತರಿಸಬೇಡಿ, ಬೇಕಾದ ಪುಟದ ಫೋಟೋ ಸಾಕು. ಮಾಲೀಕರ ಒಪ್ಪಿಗೆ ಕೇಳಿ, ತೋಟದ ಹೆಸರು ಹಾಕಬೇಡಿ.

ಭೂಕುಸಿತವಾದ 2018ರ ಆಗಸ್ಟ್‌ನ ಪುಟ ಬಂದಾಗ ನಿಧಾನಿಸಿ. ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆಯ ಮಕ್ಕಳಿದ್ದರೆ ಆ ತಿಂಗಳನ್ನು ಅಂಕಿಯಾಗಿ ಮಾತ್ರ ಇಟ್ಟು ಮುಂದೆ ಹೋಗಿ. "ನಿಮ್ಮ ಅನುಭವ ಹೇಳಿ" ಎನ್ನುವುದು ಬೇಡವೇ ಬೇಡ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಕ್ಯಾಲೆಂಡರ್ ಕೂಡ ನೋಡಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವಾಗ ಬರುತ್ತದೋ ಹೇಳಲಾಗದು, ಹಾಗಾಗಿ ನಾಲ್ಕು ಪೀರಿಯಡ್ ಸತತವಾಗಿ ಬೇಕಾದ ಕೆಲಸ ಆಗ ಹಾಕಬೇಡಿ. ಒಳಾಂಗಣದ, ಒಂದೇ ಪೀರಿಯಡ್‌ನ ಮೂಲಪರೀಕ್ಷೆಗಳಿಗೆ ಅದು ಒಳ್ಳೆಯ ಕಾಲ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ, ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆ ಸಿಗುವ ವಾರಗಳು ದೊಡ್ಡ ಅನ್ವೇಷಣೆಗೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಹಾಜರಾತಿ ಇಳಿಯುತ್ತದೆ, ಅರ್ಧ ಗುಂಪು ಮಾಯವಾಗುತ್ತದೆ. ಹೊರಗೆ ಕರೆದೊಯ್ಯುವುದಾದರೆ ಆನೆ ಓಡಾಟದ ಬಗ್ಗೆ ಅರಣ್ಯ ಇಲಾಖೆಯವರನ್ನು ಹಿಂದಿನ ದಿನವೇ ಕೇಳಿ, ಬೆಳಕು ಚೆನ್ನಾಗಿರುವಾಗಲೇ ಹೋಗಿ ಬನ್ನಿ.

ಹಾರಂಗಿ ದಂಡೆ

ಮಾಹಿತಿ ಹಕ್ಕು ಅರ್ಜಿ ಹಾಕಿಸುವವರಿಗೆ ಒಂದು ಮಾತು. 2005ರ ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ 17 ಬಗೆಯ ಮಾಹಿತಿಯನ್ನು ಕೇಳದೆಯೇ ಪ್ರಕಟಿಸಬೇಕು. ಮೊದಲು ಪಂಚಾಯಿತಿಯಲ್ಲಿ ಅದನ್ನು ನೋಡಿಸಿ, ಅಲ್ಲಿಲ್ಲದ್ದಕ್ಕೆ ಮಾತ್ರ ಅರ್ಜಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ದಾಟಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 150 ಪದಕ್ಕೆ ಇಳಿಸುವುದೇ ಭಾಷೆಯ ಒಳ್ಳೆಯ ಪಾಠ. "ಯಾಕೆ ರಸ್ತೆ ಮಾಡಿಲ್ಲ?" ಎಂದು ಕಾರಣ ಕೇಳಿದರೆ ಅಂಥ ದಾಖಲೆ ಇಲ್ಲ ಎಂಬ ಹಿಂಬರಹ ಬರುತ್ತದೆ. "ಇಂಥ ವರ್ಷ ಇಂಥ ರಸ್ತೆಗೆ ಮಂಜೂರಾದ ಮೊತ್ತ, ಖರ್ಚಾದ ಮೊತ್ತ, ಅಳತೆ ಪುಸ್ತಕದ ನಕಲು" ಎಂದು ದಾಖಲೆ ಕೇಳಬೇಕು. ಅರ್ಜಿಗೆ ಸಹಿ ಪೋಷಕರೋ ಟೀಚರೋ ಹಾಕಲಿ, ಮಕ್ಕಳ ಹೆಸರು ಹೊರಗೆ ಹೋಗುವುದು ಬೇಡ. ಸಿಕ್ಕ ಉತ್ತರವನ್ನು ಮಕ್ಕಳ ಗ್ರಾಮಸಭೆಯಲ್ಲಿ ಇಡಬೇಕೆಂದಿದ್ದರೆ ಸಭೆಗೆ ಎರಡು ತಿಂಗಳು ಮುಂಚೆಯೇ ಅರ್ಜಿ ಹೋಗಬೇಕು.

ನಾಪೋಕ್ಲು ಟೀಚರ್

ಅಂಕ ಹೇಗೆ ಕೊಡುವುದು? ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಸೇರಿಸಬಹುದು ಅಂದುಕೊಂಡಿದ್ದೇನೆ.

ಗೋಣಿಕೊಪ್ಪ ಮೇಷ್ಟ್ರು

ಸೇರಿಸಿ ಮೇಡಂ. ಹತ್ತಕ್ಕೆ ಹೀಗೆ ಹಂಚಿ: ಸ್ಪಷ್ಟ ಉತ್ತರಕ್ಕೆ 1, ಕನಿಷ್ಠ ಎರಡು ಮೂಲದಿಂದ ಪುರಾವೆ ಕೊಟ್ಟಿದ್ದಕ್ಕೆ 4, ಆ ಪುರಾವೆ ಉತ್ತರವನ್ನು ಹೇಗೆ ಬೆಂಬಲಿಸುತ್ತದೆ ಎಂದು ಬಿಡಿಸಿ ಹೇಳಿದ್ದಕ್ಕೆ 3, ತನ್ನ ಉತ್ತರಕ್ಕೆ ವಿರುದ್ಧವಾದ ಒಂದು ಪುರಾವೆಯನ್ನು ಎದುರಿಸಿದ್ದಕ್ಕೆ 2. "ನ್ಯಾಯ" ಎಂದವರಿಗೂ "ಅನ್ಯಾಯ" ಎಂದವರಿಗೂ ಪೂರ್ತಿ ಅಂಕ ಬರಲು ಸಾಧ್ಯ ಎಂದು ಮೊದಲೇ ಹೇಳಿ. ಚಾರ್ಟಿನ ಅಂದಕ್ಕೆ ಅಂಕವೇ ಇಲ್ಲ. ಎರಡನೇ ಪೀರಿಯಡ್‌ನ ಚೀಟಿಯನ್ನು ಕೊನೆಯ ಬರಹಕ್ಕೆ ಪಿನ್ ಮಾಡಿಸಿ. ಉತ್ತರ ಬದಲಾಗಿದ್ದರೆ ಯಾವ ಮೂಲದಿಂದ ಬದಲಾಯಿತು ಎಂದು ಒಂದು ಸಾಲು ಬರೆಸಿ. ಬದಲಾಗದಿದ್ದರೂ ಯಾಕೆ ಬದಲಾಗಲಿಲ್ಲ ಎಂದು ಒಂದು ಸಾಲು.

ಎಸ್‌ಎಸ್‌ಎಲ್‌ಸಿಯ 80 ಅಂಕದ ಬರಹಕ್ಕೂ ಇದು ವ್ಯರ್ಥವಾಗುವುದಿಲ್ಲ. ಕಾರಣ ಕೊಡಿ, ಸಮರ್ಥಿಸಿ ಎಂಬ ಪ್ರಶ್ನೆಗಳಿಗೆ ಉತ್ತರದ ಮೈಕಟ್ಟು ಇದೇ.

ನಾಪೋಕ್ಲು ಟೀಚರ್

ಬಹಳ ಉಪಕಾರವಾಯಿತು. ಅಕ್ಟೋಬರ್ ಮೂರನೇ ವಾರಕ್ಕೆ ಇಟ್ಟುಕೊಳ್ಳುತ್ತೇನೆ, ತುಲಾ ಸಂಕ್ರಮಣದ ರಜೆ ಮುಗಿದ ಮೇಲೆ. ಮೂಲದ ಹಾಳೆಯಲ್ಲಿ "2008ರ ನಂತರ ಸೋಮವಾರಪೇಟೆ ಇಲ್ಲವಾಯಿತು" ಎಂದು ಹಾಕಿದರೆ ಸಾಕಲ್ಲವೇ?

ಶನಿವಾರಸಂತೆ ಸರ್

ಹಾಗೆ ಹಾಕಬೇಡಿ ಮೇಡಂ. "ಸೋಮವಾರಪೇಟೆ ವಿಧಾನಸಭಾ ಕ್ಷೇತ್ರ" ಎಂದೇ ಇರಲಿ. ತಾಲ್ಲೂಕು ಈಗಲೂ ಇದೆ, ಮಕ್ಕಳು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕುಶಾಲನಗರ, ಪೊನ್ನಂಪೇಟೆ ಸೇರಿ ತಾಲ್ಲೂಕು ಐದಾದ ಮೇಲೆ ಈ ಗೊಂದಲ ಇನ್ನೂ ಹೆಚ್ಚಾಗಿದೆ. ಭೂಪಟದಲ್ಲಿ ತಾಲ್ಲೂಕಿನ ಗಡಿ ಕಪ್ಪು, ಕ್ಷೇತ್ರದ ಗಡಿ ಕೆಂಪು ಎಂದು ಗೆರೆ ಎಳೆಸಿ. ಜೆರಾಕ್ಸ್‌ನಲ್ಲಿ ಬಣ್ಣ ಬರುವುದಿಲ್ಲವಾದ್ದರಿಂದ ಗುಂಪಿಗೊಂದು ಕೆಂಪು ಪೆನ್ಸಿಲ್ ತೆಗೆದಿಡಿ.